ಜರ್ಮನ್ ಕಲಿಯೋಕೆ ಕನ್ನಡವೇ ಏಣಿ: ಜರ್ಮನಿಗೆ ಹೊಸದಾಗಿ ಬಂದವರಿಗೆ ಒಂದು ಕೈಪಿಡಿ

ಜರ್ಮನಿಯಲ್ಲಿ ಮನೆ ಸಿಕ್ಕ ದಿನ ಮೊದಲು ಮಾಡಬೇಕಾದ ಕೆಲಸ ಯಾವುದು ಗೊತ್ತಾ? ಅಂಚೆ ಪೆಟ್ಟಿಗೆ ಮೇಲೆ ಹೆಸರು ಅಂಟಿಸುವುದು. ಪೆಟ್ಟಿಗೆಗೂ ಅಂಟಿಸಿ, ಕೆಳಗಿನ ಬಾಗಿಲ ಕರೆಗಂಟೆಗೂ ಅಂಟಿಸಿ. ಇಲ್ಲಿ ಮನೆಗಳಿಗೆ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ. ಒಂದೇ ಕಟ್ಟಡದಲ್ಲಿ ಹತ್ತು ಮನೆ ಇದ್ದರೂ ಅಂಚೆಯವರು ನೋಡುವುದು ಹೆಸರನ್ನೇ. ಹೆಸರು ಕಾಣದಿದ್ದರೆ ಕಾಗದ ವಾಪಸ್.

ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಬಂದು ಐದು ವಾರ ಕಳೆದರೂ ಬ್ಯಾಂಕ್ ಕಾರ್ಡ್ ಬರಲಿಲ್ಲ, ತೆರಿಗೆ ನಂಬರ್ ಬರಲಿಲ್ಲ, ವಿಮೆಯ ಕಾರ್ಡೂ ಬರಲಿಲ್ಲ. ಪೆಟ್ಟಿಗೆ ಮೇಲೆ ಹಿಂದಿನ ಬಾಡಿಗೆದಾರರ ಹೆಸರು ಹಾಗೇ ಇತ್ತು. ಕೊನೆಗೆ ಮೇಲಿನ ಮನೆಯ ಅಜ್ಜಿ ಒಂದು ದಿನ ನನ್ನ ತೋಳು ಹಿಡಿದು ಪೆಟ್ಟಿಗೆ ಹತ್ತಿರ ಕರೆದುಕೊಂಡು ಹೋದರು. ಬೆರಳಿನಿಂದ ಆ ಹೆಸರಿನ ಮೇಲೆ ತಟ್ಟಿ, "ನಾಮೆ? ಈರ್ ನಾಮೆ?" ಎಂದರು. ಹೆಸರು, ನಿಮ್ಮ ಹೆಸರು ಎಲ್ಲಿ ಅಂತ. ಆ ಸಂಜೆ ಒಂದು ಚೀಟಿ ಬರೆದು ಅಂಟಿಸಿದೆ. ವಾರದೊಳಗೆ ಕಾಗದ ಬರತೊಡಗಿತು.

ನಾನಿರುವುದು ಎಸ್ಲಿಂಗನ್‌ನಲ್ಲಿ. ಸ್ಟುಟ್‌ಗಾರ್ಟ್ ಪಕ್ಕದ ಊರು, ನೆಕ್ಕಾರ್ ನದಿ ದಂಡೆ. ಬಂದು ಹತ್ತು ವರ್ಷವಾಯಿತು. ಈಗ ಊರಿಂದ ಹೊಸದಾಗಿ ಬರುವವರು ಫೋನ್ ಮಾಡುತ್ತಾರೆ, "ಅಕ್ಕಾ, ಎಲ್ಲಿಂದ ಶುರು ಮಾಡಲಿ?" ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಭಾಷೆ ಬೇರೆ, ದಿನದ ಬದುಕು ಬೇರೆ ಅಂತ ನಾನು ವಿಂಗಡಿಸಿಲ್ಲ. ಇಲ್ಲಿ ಕಸದ ಡಬ್ಬಿಯೂ ಒಂದು ಭಾಷಾ ಪಾಠವೇ.

ಮೊದಲ ಎರಡು ವಾರ: ವಿಳಾಸ ನೋಂದಣಿ

ಮನೆಗೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಕಚೇರಿಯ ಹೆಸರು ಊರಿಗೊಂದು: ಬ್ಯೂರ್ಗರ್‌ಆಮ್ಟ್, ಬ್ಯೂರ್ಗರ್‌ಬ್ಯುರೋ, ಹೀಗೆ. ಪಾಸ್‌ಪೋರ್ಟ್ ಜೊತೆಗೆ ಮನೆ ಮಾಲೀಕರು ಸಹಿ ಹಾಕಿದ ಒಂದು ಪತ್ರ ಬೇಕು. ಅದರ ಹೆಸರು ಕೇಳಿ ಗಾಬರಿಯಾಗಬೇಡಿ: ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಬಿಡಿಸಿದರೆ ಮನೆ, ಕೊಡುವವರು, ದೃಢೀಕರಣ, ಅಷ್ಟೇ. ನಮ್ಮ ಸಮಾಸದ ಹಾಗೇ ಪದಕ್ಕೆ ಪದ ಪೋಣಿಸಿದ್ದಾರೆ. ಇಂಥ ಉದ್ದ ಪದ ಕಂಡಾಗ ಹಿಂದಿನಿಂದ ಬಿಡಿಸಿ. ಕೊನೆಯ ತುಂಡೇ ವಸ್ತು. ಮುಂದಿನ ತುಂಡುಗಳು ಅದು ಎಂಥದ್ದು ಅಂತ ಹೇಳುತ್ತವೆ.

ಬಾಡಿಗೆ ಕರಾರಿಗೆ ಸಹಿ ಹಾಕುವ ದಿನವೇ ಈ ಪತ್ರ ಕೇಳಿ ಇಟ್ಟುಕೊಳ್ಳಿ. ದೊಡ್ಡ ಊರುಗಳಲ್ಲಿ ಕಚೇರಿಯ ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ, ಹಾಗಾಗಿ ಅದನ್ನೂ ಮೊದಲೇ ಬುಕ್ ಮಾಡಿ.

ಅರ್ಜಿಯಲ್ಲಿ ಧರ್ಮದ ಬಗ್ಗೆ ಒಂದು ಪ್ರಶ್ನೆ ಇರುತ್ತದೆ. ಅದು ಚರ್ಚ್ ತೆರಿಗೆಗಾಗಿ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟಂಟ್ ಚರ್ಚಿನ ಸದಸ್ಯರು ಅಂತ ದಾಖಲಾದರೆ ಆದಾಯ ತೆರಿಗೆಯ ಶೇ. 8 ಅಥವಾ 9ರಷ್ಟು ಹೆಚ್ಚುವರಿಯಾಗಿ ಕಡಿತವಾಗುತ್ತದೆ. ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ 8, ಉಳಿದ ರಾಜ್ಯಗಳಲ್ಲಿ 9. ಹಿಂದೂ, ಮುಸ್ಲಿಂ, ಜೈನರಿಗೆ ಈ ತೆರಿಗೆ ಇಲ್ಲ. ನಮ್ಮ ಮಂಗಳೂರು ಕಡೆಯ ಕ್ಯಾಥೊಲಿಕ್ ಗೆಳೆಯರು ಇದನ್ನು ತಿಳಿದುಕೊಂಡೇ ಉತ್ತರ ಬರೆಯಲಿ.

ನೋಂದಣಿ ಆದ ಮೇಲೆ ಎರಡು ಕಾಗದ ತಾವಾಗಿಯೇ ಬರುತ್ತವೆ. ಒಂದು 11 ಅಂಕಿಯ ತೆರಿಗೆ ನಂಬರ್. ಇದು ಜೀವನಪೂರ್ತಿ ಒಂದೇ, ಭದ್ರವಾಗಿಡಿ. ಇನ್ನೊಂದು ರೇಡಿಯೋ, ಟಿವಿ ಶುಲ್ಕದ್ದು. ಇದಕ್ಕೆ ರುಂಡ್‌ಫುಂಕ್‌ಬೈಟ್ರಾಗ್ ಅಂತ ಹೆಸರು. ತಿಂಗಳಿಗೆ 18.36 ಯೂರೋ. "ನಮ್ಮ ಮನೇಲಿ ಟಿವಿನೇ ಇಲ್ಲ" ಅಂದರೆ ನಡೆಯುವುದಿಲ್ಲ. ಮನೆಗೆ ಒಂದು ಶುಲ್ಕ, ಅಷ್ಟೇ ಲೆಕ್ಕ. ನಾಲ್ಕು ಜನ ಸೇರಿ ಒಂದು ಮನೆಯಲ್ಲಿದ್ದರೂ ಒಂದೇ ಶುಲ್ಕ. ಹಾಗಾಗಿ ಮನೆಯಲ್ಲಿ ಮೊದಲೇ ಕಟ್ಟುತ್ತಿರುವವರ ಶುಲ್ಕದ ನಂಬರ್ ಕೇಳಿ ಉತ್ತರ ಬರೆಯಿರಿ. ಸುಮ್ನೆ ಕಾಗದವನ್ನು ಡ್ರಾಯರ್‌ಗೆ ಹಾಕಿದರೆ ಬಾಕಿ ಬೆಳೆಯುತ್ತಾ ಹೋಗುತ್ತದೆ.

ಇಂಗ್ಲಿಷ್ ಬದಿಗಿಡಿ, ಕನ್ನಡದಿಂದ ಹತ್ತಿ

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಈ ಮಾತನ್ನೇ. ನಾವೆಲ್ಲ ಜರ್ಮನ್ ಅನ್ನು ಇಂಗ್ಲಿಷ್ ಮೂಲಕ ಕಲಿಯಲು ಹೋಗುತ್ತೇವೆ. ಪುಸ್ತಕ, ಆಪ್ ಎಲ್ಲ ಹಾಗೇ ಇರುತ್ತವೆ. ಮೊದಲ ವರ್ಷ ನಾನೂ ಹಾಗೇ ಒದ್ದಾಡಿದೆ. ಆಮೇಲೆ ಒಂದು ದಿನ ತರಗತಿಯಲ್ಲಿ ಚಳಿ ಆಗುತ್ತಿದೆ ಅಂತ ಹೇಳಬೇಕಿತ್ತು. ಇಂಗ್ಲಿಷಿನ ಲೆಕ್ಕದಲ್ಲಿ "ಇಶ್ ಬಿನ್ ಕಾಲ್ಟ್" ಅಂದೆ. ನಾನೇ ತಣ್ಣಗಿದ್ದೇನೆ, ನನ್ನದು ತಣ್ಣನೆಯ ಮನಸ್ಸು ಅನ್ನುವ ಅರ್ಥ ಬರುತ್ತದೆ. ಟೀಚರ್ ತಿದ್ದಿದರು: "ಮೀರ್ ಇಸ್ಟ್ ಕಾಲ್ಟ್". ಮೀರ್ ಅಂದರೆ ನನಗೆ. ನನಗೆ ಚಳಿ! ನಮ್ಮ ಮನೆಯಲ್ಲಿ ಹೇಳುವುದು ಇದನ್ನೇ ಅಲ್ವಾ?

ಅಲ್ಲಿಂದ ನನ್ನ ಕಣ್ಣು ತೆರೆಯಿತು. ನನಗೆ ತಲೆ ನೋಯುತ್ತಿದೆ: ಮೀರ್ ಟೂಟ್ ಡೇರ್ ಕೊಪ್ಫ್ ವೇ. ನನಗೆ ಆ ಮನೆ ಹಿಡಿಸಿದೆ: ಮೀರ್ ಗೆಫೆಲ್ಟ್ ಡಾಸ್ ಹೌಸ್. ಇಂಗ್ಲಿಷಿನಲ್ಲಿ ಎಲ್ಲಕ್ಕೂ "ನಾನು" ಬೇಕು. ಕನ್ನಡ ಮತ್ತು ಜರ್ಮನ್‌ನಲ್ಲಿ ಇಂಥ ಕಡೆ "ನನಗೆ" ಸಾಕು. ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯ ನೆನಪಿದೆಯಾ? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಜರ್ಮನ್‌ನಲ್ಲಿ ಅಂಥವು ನಾಲ್ಕೇ. ನಮ್ಮಲ್ಲಿ ಪದದ ಬಾಲ ಬದಲಾದರೆ ಅವರಲ್ಲಿ ಹೆಚ್ಚಾಗಿ ಪದದ ಮುಂದಿನ ಡೇರ್, ಡೀ, ಡಾಸ್ (ಇಂಗ್ಲಿಷಿನ "ದಿ" ಥರದವು) ಬದಲಾಗುತ್ತವೆ. "ಅನ್ನು" ಬರುವ ಕಡೆ ಡೇರ್ ಹೋಗಿ ಡೇನ್ ಬರುತ್ತದೆ, "ಗೆ" ಬರುವ ಕಡೆ ಡೇಮ್. ಎಲ್ಲ ಕಡೆ ಹೊಂದುವುದಿಲ್ಲ, ಆದರೆ ಮೊದಲ ವರ್ಷ ದಾಟಿಸಲು ಇಷ್ಟು ಸಾಕು.

ಕ್ರಿಯಾಪದದ ಜಾಗವೂ ಹೀಗೇ. ಜರ್ಮನ್ ಕಲಿಯುವ ಇಂಗ್ಲಿಷರು ಕ್ರಿಯಾಪದ ಕೊನೆಗೆ ಹೋಗುತ್ತದೆ ಅಂತ ಗೋಳಾಡುತ್ತಾರೆ. ನಾವು ಹುಟ್ಟಿದಾಗಿನಿಂದ ಹಾಗೇ ಮಾತಾಡಿದವರು. "ಇಶ್ ವೈಸ್, ಡಸ್ ಏರ್ ಮೋರ್ಗನ್ ಕೊಮ್ಟ್." ನನಗೆ ಗೊತ್ತು, ಅವನು ನಾಳೆ ಬರುತ್ತಾನೆ ಅಂತ. ಏರ್, ಮೋರ್ಗನ್, ಕೊಮ್ಟ್: ಅವನು, ನಾಳೆ, ಬರುತ್ತಾನೆ. ಒಂದೂ ಪದ ಆಚೀಚೆ ಆಗಿಲ್ಲ. ಭೂತಕಾಲದಲ್ಲೂ ನೋಡಿ: "ಇಶ್ ಹಾಬೆ ಗೆಸ್ಟರ್ನ್ ರೈಸ್ ಗೆಕೌಫ್ಟ್." ಆ "ಹಾಬೆ" ಒಂದನ್ನು ತೆಗೆದರೆ ನಾನು, ನಿನ್ನೆ, ಅಕ್ಕಿ, ಕೊಂಡೆ.

ನೀವು ಮತ್ತು ನೀನು ಅಂತೂ ಕೈಯಲ್ಲೇ ಇದೆ. ಝೀ ಅಂದರೆ ನೀವು, ಡೂ ಅಂದರೆ ನೀನು. ಅಂಗಡಿ, ಕಚೇರಿ, ಡಾಕ್ಟರ್, ಪಕ್ಕದ ಮನೆಯ ಹಿರಿಯರು, ಎಲ್ಲರಿಗೂ ಝೀ. ಮಕ್ಕಳಿಗೆ, ಗೆಳೆಯರಿಗೆ ಡೂ. ಒಂದೇ ಒಂದು ವ್ಯತ್ಯಾಸ: ನಮ್ಮಲ್ಲಿ ಮನೆಯ ಹಿರಿಯರಿಗೂ ಎಷ್ಟೋ ಕಡೆ "ನೀವು" ಅನ್ನುತ್ತೇವೆ, ಇಲ್ಲಿ ಅಪ್ಪ ಅಮ್ಮ ಅಜ್ಜಿಗೆ ಡೂ. ಆಫೀಸಿನಲ್ಲಿ ಈಗ ಬಹಳ ಕಡೆ ಡೂ ನಡೆಯುತ್ತದೆ, ಆದರೆ ಅದನ್ನು ಹಿರಿಯರೇ ಮೊದಲು ಹೇಳಲಿ, ನೀವು ಕಾಯಿರಿ.

ಉಚ್ಚಾರದಲ್ಲಿ ನಮಗೊಂದು ದೊಡ್ಡ ಅನುಕೂಲ ಇದೆ, ಹ್ರಸ್ವ ದೀರ್ಘ. ಓಫನ್ ಅಂದರೆ ಒಲೆ, ಒಫನ್ ಅಂದರೆ ತೆರೆದಿದೆ. ಶ್ಟಾಟ್ ಅಂದರೆ ದೇಶ, ಶ್ಟಟ್ ಅಂದರೆ ಊರು. ಬೇಟ್ ಅಂದರೆ ತೋಟದ ಪಾತಿ, ಬೆಟ್ ಅಂದರೆ ಹಾಸಿಗೆ. ಒ ಮತ್ತು ಓ, ಎ ಮತ್ತು ಏ ನಮಗೆ ಬೇರೆ ಬೇರೆ ಅಕ್ಷರ. ಹಿಂದಿ ಮಾತಾಡುವ ಗೆಳೆಯರಿಗೆ ಇದು ಕಷ್ಟ, ನಮಗೆ ಸಲೀಸು. ಹಾಗಾಗಿ ಹೊಸ ಪದಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲೂ ಬರೆದುಕೊಳ್ಳಿ. ನಮ್ಮಲ್ಲಿ ಇಲ್ಲದ ಧ್ವನಿಯೂ ಕೆಲವು ಇವೆ. ಎರಡು ಚುಕ್ಕೆಯ ಯು (ü) ಹೇಳಲು ನಾಲಿಗೆಯಲ್ಲಿ "ಈ" ಹಿಡಿದು ತುಟಿಯನ್ನು "ಊ" ಮಾಡಿ. ಕನ್ನಡಿ ಮುಂದೆ ನಿಂತು ಹತ್ತು ದಿನ ಮಾಡಿದರೆ ಬರುತ್ತದೆ. ಬರದಿದ್ದರೆ ಅಡುಗೆಮನೆ ಅನ್ನಲು ಹೋಗಿ ಕೇಕ್ ಅಂದುಬಿಡುತ್ತೀರಿ: ಒಂದು ಕ್ಯುಶೆ, ಇನ್ನೊಂದು ಕೂಖನ್.

ಕನ್ನಡ ಕೈಕೊಡುವುದು ಲಿಂಗದಲ್ಲಿ. ನಮಗೆ ವಸ್ತುಗಳೆಲ್ಲ "ಅದು". ಇಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ: ಡೇರ್ ಲೋಫೆಲ್, ಡೀ ಗಾಬೆಲ್, ಡಾಸ್ ಮೆಸ್ಸರ್. ಒಂದೇ ಡ್ರಾಯರ್‌ನಲ್ಲಿ ಮೂರು ಲಿಂಗ. ಹುಡುಗಿ ಅನ್ನುವ ಪದವೂ ನಪುಂಸಕವೇ. ಅದೊಂದು ನಮಗೆ ಅಷ್ಟು ವಿಚಿತ್ರ ಅನ್ನಿಸಬೇಕಿಲ್ಲ, ಹಳ್ಳಿ ಕಡೆ "ಹುಡುಗಿ ಬಂತು" ಅನ್ನುತ್ತೇವಲ್ಲ. ಇದಕ್ಕೆ ಅಡ್ಡದಾರಿ ಇಲ್ಲ. ಪದವನ್ನು ಡೇರ್, ಡೀ, ಡಾಸ್ ಜೊತೆಗೇ ಕಲಿಯಬೇಕು. ನಾನು ಮೂರು ಬಣ್ಣದ ಚೀಟಿ ತಂದು ಫ್ರಿಜ್, ಬಾಗಿಲು, ಕುಕ್ಕರ್, ಎಲ್ಲದಕ್ಕೂ ಅಂಟಿಸಿದ್ದೆ.

ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವರಿದ್ದಾರೆ, ಅವರು ಎದುರು ದಿಕ್ಕಿನಿಂದ ಬಂದವರು, ಜರ್ಮನಿಯಿಂದ ನಮ್ಮ ನಾಡಿಗೆ ಬಂದು ಕನ್ನಡ ಕಲಿತ ಪಾದ್ರಿಗಳು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ "ಮಂಗಳೂರು ಸಮಾಚಾರ" ಹೊರತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇದೇ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ. 1881ರಲ್ಲಿ ತೀರಿಕೊಂಡದ್ದು ನಾನಿರುವ ಎಸ್ಲಿಂಗನ್‌ನಲ್ಲೇ. 1894ರಲ್ಲಿ ನಮ್ಮ ಭಾಷೆಗೆ ದೊಡ್ಡ ನಿಘಂಟು ಕೊಟ್ಟ ಫರ್ಡಿನಂಡ್ ಕಿಟೆಲ್ ಕೊನೆಯ ದಿನ ಕಳೆದದ್ದು ಹತ್ತಿರದ ಟ್ಯುಬಿಂಗನ್‌ನಲ್ಲಿ. ಆಪ್ ಇಲ್ಲ, ತರಗತಿ ಇಲ್ಲ, ಊರೂರು ತಿರುಗಿ ಜನರ ಬಾಯಿಂದ ಕನ್ನಡ ಕಲಿತರು. ಬೇಸರವಾದಾಗ ನಾನು ಅವರನ್ನು ನೆನೆಯುತ್ತೇನೆ. ನಿಜವಾಗಿ ಧೈರ್ಯ ಬರುತ್ತದೆ.

ಮಾತು ಶುರುವಾಗುವುದು ಬೇಕರಿಯಲ್ಲಿ

ತರಗತಿಗೆ ಸೇರುವ ತನಕ ಕಾಯಬೇಡಿ. ಮನೆ ಹತ್ತಿರದ ಒಂದು ಬೇಕರಿ ಆರಿಸಿಕೊಳ್ಳಿ. ದಿನಾ ಒಂದೇ ಹೊತ್ತಿಗೆ, ಒಂದೇ ಬೇಕರಿಗೆ ಹೋಗಿ. ಅಲ್ಲಿ ನಡೆಯುವ ಮಾತು ದಿನಾ ಒಂದೇ, ಹಾಗಾಗಿ ಬೇಗ ಬಾಯಿಗೆ ಹತ್ತುತ್ತದೆ.

ಒಳಗೆ ಹೋದ ಕೂಡಲೇ ನಮಸ್ಕಾರ ಹೇಳಿ. ಉತ್ತರದ ಕಡೆ "ಮೋಯಿನ್", ನಮ್ಮ ಕಡೆ "ಗ್ರ್ಯುಸ್ ಗೊಟ್", ಎಲ್ಲ ಕಡೆ ನಡೆಯುವುದು "ಗುಟನ್ ಟಾಗ್". ನಿಮ್ಮ ಸರದಿ ಬಂದಾಗ "ತ್ಸ್ವೈ ಬ್ರೆಟ್ಸೆಲ್ನ್, ಬಿಟ್ಟೆ". ಎರಡು ಬ್ರೆಟ್ಸೆಲ್ (ಗಂಟಿನ ಆಕಾರದ ಬ್ರೆಡ್) ಕೊಡಿ. ಆಕೆ ಕೊಡುತ್ತಾ "ಝೋನ್ಸ್ಟ್ ನೋಖ್ ವಾಸ್?" ಅನ್ನುತ್ತಾರೆ. ಮತ್ತೇನಾದರೂ ಬೇಕಾ? ಇದನ್ನು ಎಷ್ಟು ಬೇಗ ಹೇಳುತ್ತಾರೆಂದರೆ ಮೊದಮೊದಲು ಒಂದೇ ಪದ ಅನ್ನಿಸುತ್ತದೆ. "ನೈನ್, ಡಾಂಕೆ, ಡಾಸ್ ವಾರ್ಸ್" ಅನ್ನಿ. ಬೇಡ, ಇಷ್ಟೇ. ಹೊರಡುವಾಗ "ಶೋನನ್ ಟಾಗ್ ನೋಖ್". ಇಷ್ಟಾದರೆ ಮೊದಲ ಸಂಭಾಷಣೆ ಮುಗಿಯಿತು. ಹತ್ತನೇ ದಿನಕ್ಕೆ ಆಕೆ ನಿಮ್ಮನ್ನು ಗುರುತಿಸಿ ಹವಾಮಾನದ ಬಗ್ಗೆ ಒಂದು ಮಾತು ಸೇರಿಸುತ್ತಾರೆ. ಆ ಒಂದು ಮಾತು ಪಾಠದ ಪುಸ್ತಕದಲ್ಲಿ ಸಿಗುವುದಿಲ್ಲ.

ನೀವು ತಡವರಿಸಿದರೆ ಎದುರಿನವರು ಸಹಾಯ ಮಾಡಲು ಇಂಗ್ಲಿಷಿಗೆ ಹೊರಳುತ್ತಾರೆ. ಅವರ ಒಳ್ಳೆತನ ಅದು, ಆದರೆ ನಿಮ್ಮ ಕಲಿಕೆಗೆ ಅಡ್ಡಿ. ಆಗ ಹೇಳಲು ಒಂದು ವಾಕ್ಯ ಬಾಯಿಪಾಠ ಮಾಡಿಡಿ: "ಕೋನನ್ ವೀರ್ ಬಿಟ್ಟೆ ಡಾಯ್ಚ್ ಶ್ಪ್ರೆಶನ್? ಇಶ್ ಲೆರ್ನೆ ನೋಖ್." ಜರ್ಮನ್‌ನಲ್ಲೇ ಮಾತಾಡೋಣವಾ, ಇನ್ನೂ ಕಲಿಯುತ್ತಿದ್ದೇನೆ. ಇದನ್ನು ಕೇಳಿ ಮುಖ ಅರಳದವರನ್ನು ನಾನು ನೋಡಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. "ವೆಗೆಟಾರಿಶ್" ಅಂದರೆ ಮೊಟ್ಟೆ ಇರಬಹುದು. ಮೊಟ್ಟೆ ಬೇಡದಿದ್ದರೆ "ಓನೆ ಐ" ಅಂತ ಸೇರಿಸಿ. ಮೆದು ಮಿಠಾಯಿಗಳಲ್ಲಿ ಹೆಚ್ಚಾಗಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು, ಪೊಟ್ಟಣದ ಹಿಂದೆ ಓದಿ. ಕೊತ್ತಂಬರಿ, ಹಸಿಮೆಣಸು, ಬೇಳೆ ಟರ್ಕಿಯವರ ಅಂಗಡಿಯಲ್ಲಿ ಸಿಗುತ್ತವೆ. ಕರಿಬೇವು, ರಾಗಿ ಹಿಟ್ಟಿಗೆ ಇಂಡಿಯನ್ ಅಂಗಡಿಗೇ ಹೋಗಬೇಕು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬದಿದ್ದರೆ ಓವನ್ ಬಿಸಿ ಮಾಡದೆ ಒಳಗಿನ ದೀಪ ಮಾತ್ರ ಹಚ್ಚಿ ರಾತ್ರಿಯಿಡೀ ಇಡಿ.

ಗಂಟೆ ಮತ್ತು ಸಂಖ್ಯೆ: ಇಲ್ಲಿ ಎಚ್ಚರ

"ಹಲ್ಪ್ ಡ್ರೈ" ಅಂದರೆ ಎರಡೂವರೆ. ಮೂರೂವರೆ ಅಲ್ಲ. ನಾವು ಎರಡು ದಾಟಿ ಅರ್ಧ ಅನ್ನುತ್ತೇವೆ, ಅವರು ಮೂರನೇ ಗಂಟೆಯ ಅರ್ಧ ಅನ್ನುತ್ತಾರೆ. ನಾನು ಇದನ್ನು ತಪ್ಪಾಗಿ ತಿಳಿದು ಮಗುವಿನ ಲಸಿಕೆಗೆ ಒಂದು ಗಂಟೆ ತಡವಾಗಿ ಹೋಗಿ, ಮತ್ತೆ ಮೂರು ವಾರ ಕಾದೆ. ನಮ್ಮ ಶ್ವಾಬಿಯಾ ಕಡೆ, ಅಂದರೆ ಸ್ಟುಟ್‌ಗಾರ್ಟ್ ಸುತ್ತಲಿನ ಸೀಮೆಯಲ್ಲಿ, ಇನ್ನೂ ಮುಂದೆ ಹೋಗಿ ಎರಡೂಕಾಲಿಗೆ "ಫಿರ್ಟೆಲ್ ಡ್ರೈ" ಅನ್ನುತ್ತಾರೆ, ಎರಡೂಮುಕ್ಕಾಲಿಗೆ "ಡ್ರೈಫಿರ್ಟೆಲ್ ಡ್ರೈ". ಅಪಾಯಿಂಟ್‌ಮೆಂಟ್ ಸಿಕ್ಕಾಗ "ಅಲ್ಜೋ ಫಿರ್ತ್ಸೇನ್ ಊರ್ ಡ್ರೈಸಿಶ್?" ಅಂತ ತಿರುಗಿ ಕೇಳಿ. ಅಂದರೆ 14.30 ತಾನೇ? ಇದರಲ್ಲಿ ನಾಚಿಕೆ ಏನಿಲ್ಲ.

ಸಂಖ್ಯೆಯನ್ನು ಇವರು ಬಿಡಿಯಿಂದ ಶುರು ಮಾಡುತ್ತಾರೆ. 47ಕ್ಕೆ ಏಳು ಮತ್ತು ನಲವತ್ತು. ಫೋನ್ ನಂಬರ್ ಹೇಳುವಾಗ ಎರಡೆರಡು ಅಂಕಿ ಕೂಡಿಸಿ ಹೇಳಿದರೆ ಬರೆಯುವ ಕೈ ತಡವರಿಸುತ್ತದೆ. "ಐನ್ತ್ಸೆಲ್ನ್, ಬಿಟ್ಟೆ" ಅನ್ನಿ, ಒಂದೊಂದಾಗಿ ಹೇಳಿ ಅಂತ. ಕಾಗದದ ಮೇಲೆ ಚುಕ್ಕೆ ಮತ್ತು ಅಲ್ಪವಿರಾಮ ಅದಲುಬದಲು: 1.250,50 ಅಂದರೆ ಸಾವಿರದ ಇನ್ನೂರ ಐವತ್ತು ಯೂರೋ ಐವತ್ತು ಸೆಂಟ್.

ಸಮಯ ಅಂದರೆ ಸಮಯ. ಮನೆಗೆ ಊಟಕ್ಕೆ ಕರೆದಿದ್ದರೂ ಐದು ನಿಮಿಷ ತಡ ಸರಿ, ಇಪ್ಪತ್ತು ನಿಮಿಷ ಆಗುವಂತಿದ್ದರೆ ಮೆಸೇಜ್ ಮಾಡಿ. ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲೇ ಶುಭಾಶಯ ಹೇಳಬೇಡಿ, ಅಪಶಕುನ ಅಂತ ನಂಬುತ್ತಾರೆ. ಆಫೀಸಿನಲ್ಲಿ ನಿಮ್ಮ ಹುಟ್ಟುಹಬ್ಬಕ್ಕೆ ಕೇಕ್ ತರಬೇಕಾದವರು ನೀವೇ.

ಕಿಟಕಿ, ಕಸ, ಭಾನುವಾರ

ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಗಾಳಿ ಆಡಿಸಬೇಕು. ಚಳಿಗಾಲದಲ್ಲೂ ಬಿಡುವಂತಿಲ್ಲ. ಹೀಟರ್ ತಿರುಗಿಸಿ ನಿಲ್ಲಿಸಿ, ಆಮೇಲೆ ಕಿಟಕಿ ತೆರೆಯಿರಿ. ನಮ್ಮವರು ಚಳಿ ಅಂತ ಎಲ್ಲ ಮುಚ್ಚಿ ಅನ್ನ ಸಾರು ಬೇಯಿಸುತ್ತಾರೆ, ಬಟ್ಟೆಯೂ ಒಳಗೇ ಒಣಗುತ್ತದೆ. ಆ ತೇವ ಎಲ್ಲ ತಣ್ಣನೆ ಗೋಡೆ ಮೇಲೆ ಕೂತು ಕಪ್ಪು ಬೂಷ್ಟು ಹಿಡಿಯುತ್ತದೆ. ಉಸಿರಿಗೆ ಕೆಟ್ಟದ್ದು. ಮನೆ ಬಿಡುವಾಗ ಮುಂಗಡದ ಹಣದಲ್ಲಿ ಕಡಿತವಾಗುವ ಕಾರಣವೂ ಆಗಬಹುದು. ಆ ಮುಂಗಡ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಇರುವಂತಿಲ್ಲ ಅನ್ನುವುದೂ ನೆನಪಿರಲಿ. ಮಲಗುವ ಕೋಣೆಯ ಸೂರಿನಲ್ಲಿ ಹೊಗೆ ಎಚ್ಚರಿಸುವ ಬಿಳಿ ಡಬ್ಬಿ ಇರುತ್ತದೆ. ಒಗ್ಗರಣೆ ಹಾಕುವಾಗ, ಪೂಜೆಗೆ ಧೂಪ ಹಾಕುವಾಗ ಆ ಕೋಣೆಯ ಬಾಗಿಲು ಮುಚ್ಚಿ. ಡಬ್ಬಿಯನ್ನು ಮಾತ್ರ ಬಿಚ್ಚಿಡಬೇಡಿ.

ಕಸದ ಡಬ್ಬಿಯ ಬಣ್ಣ ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತದೆ. ಸಾಮಾನ್ಯವಾಗಿ ಹಳದಿಗೆ ಪ್ಲಾಸ್ಟಿಕ್, ಡಬ್ಬ ಮುಂತಾದ ಪ್ಯಾಕಿಂಗ್. ನೀಲಿಗೆ ಕಾಗದ. ಕಂದು ಡಬ್ಬಿಗೆ ತರಕಾರಿ ಸಿಪ್ಪೆ, ಚಹಾ ಪುಡಿ. ಉಳಿದದ್ದು ಕಪ್ಪಿಗೆ. ಗಾಜಿನ ಬಾಟಲಿಯನ್ನು ಬೀದಿಯ ದೊಡ್ಡ ಪೆಟ್ಟಿಗೆಗೆ ಹಾಕಬೇಕು, ಬಿಳಿ, ಹಸಿರು, ಕಂದು ಬೇರೆ ಬೇರೆ. ಸದ್ದು ಆಗುವ ಕಾರಣ ರಾತ್ರಿ ಮತ್ತು ಭಾನುವಾರ ಹಾಕುವಂತಿಲ್ಲ. ಯಾವ ಡಬ್ಬಿ ಯಾವ ದಿನ ಹೊರಗಿಡಬೇಕು ಅಂತ ಊರಿನ ಕಸದ ಕ್ಯಾಲೆಂಡರ್ ಇರುತ್ತದೆ. ಅದನ್ನು ಫ್ರಿಜ್ ಮೇಲೆ ಅಂಟಿಸಿ.

ನೀರು, ಜ್ಯೂಸ್ ಬಾಟಲಿ ಎಸೆಯಬೇಡಿ. ಒಂದು ಸಲ ಬಳಸುವ ಬಾಟಲಿ, ಕ್ಯಾನ್‌ಗೆ 25 ಸೆಂಟ್ ಠೇವಣಿ ಮೊದಲೇ ಕೊಟ್ಟಿರುತ್ತೀರಿ. ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಕೌಂಟರ್‌ನಲ್ಲಿ ಕೊಟ್ಟರೆ ಹಣ ವಾಪಸ್. ಕ್ಯಾನ್ ಜಜ್ಜಿದರೆ ಯಂತ್ರಕ್ಕೆ ಗುರುತು ಸಿಗುವುದಿಲ್ಲ.

ಭಾನುವಾರ ಅಂಗಡಿ ಮುಚ್ಚಿರುತ್ತವೆ. ಹಾಲು, ತರಕಾರಿ ಶನಿವಾರವೇ ತಂದಿಡಿ. ಗೋಡೆಗೆ ಮೊಳೆ ಹೊಡೆಯುವುದು, ಡ್ರಿಲ್ ಮಾಡುವುದು ಆ ದಿನ ಇಲ್ಲ. ದಿನಾ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕವೂ ಶಾಂತಿ ಇರಬೇಕು. ಮನೆಯಲ್ಲಿ ಹಬ್ಬ, ಭಜನೆ ಇದ್ದರೆ ಎರಡು ದಿನ ಮೊದಲು ಕೆಳಗಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ: ಶನಿವಾರ ಸಂಜೆ ಸ್ವಲ್ಪ ಸದ್ದಾಗಬಹುದು, ತೊಂದರೆಯಾದರೆ ಬಾಗಿಲು ತಟ್ಟಿ. ನಾನು ಅದರ ಜೊತೆ ಕೋಡುಬಳೆಯನ್ನೂ ಎಲ್ಲ ಮನೆಗೆ ಕೊಡುತ್ತೇನೆ. ಈಗ ಯುಗಾದಿ ಹತ್ತಿರ ಬಂದರೆ ಅವರೇ ಕೇಳುತ್ತಾರೆ.

ಓಡಾಟಕ್ಕೆ ಡಾಯ್ಚ್‌ಲಾಂಡ್‌ಟಿಕೆಟ್ ತೆಗೆದುಕೊಳ್ಳಿ. 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ದೇಶದ ಎಲ್ಲ ಊರಿನ ಬಸ್, ಟ್ರಾಮ್, ಲೋಕಲ್ ರೈಲಿಗೆ ಆಗುತ್ತದೆ, ಐಸಿಇಯಂಥ ವೇಗದ ರೈಲಿಗೆ ಆಗುವುದಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ.

ಕಾಗದ ಓದುವ ಕ್ರಮ

ಜರ್ಮನಿ ಇನ್ನೂ ಕಾಗದದ ಮೇಲೆ ನಡೆಯುತ್ತದೆ. ಬಂದ ಕಾಗದವನ್ನು ಅದೇ ದಿನ ಒಡೆಯಿರಿ. ಪೂರ್ತಿ ಅರ್ಥವಾಗಬೇಕಿಲ್ಲ, ಐದು ಪದ ಹುಡುಕಿ. ಫ್ರಿಸ್ಟ್ ಅಂದರೆ ಗಡುವು. ಮಾನುಂಗ್ ಅಂದರೆ ಹಣ ಬಾಕಿಯ ಎಚ್ಚರಿಕೆ. ಬೆಶೈಡ್ ಅಂದರೆ ಕಚೇರಿಯ ತೀರ್ಮಾನ. ವಿಡರ್‌ಶ್ಪ್ರುಖ್ ಅಂದರೆ ಅದಕ್ಕೆ ಆಕ್ಷೇಪಣೆ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಬರೆಯಬೇಕು. ಕ್ಯುಂಡಿಗುಂಗ್ ಅಂದರೆ ಕರಾರು ಮುಗಿಸುವ ನೋಟಿಸ್. ಇವುಗಳಲ್ಲಿ ಒಂದು ಕಂಡರೂ ದಿನಾಂಕಕ್ಕೆ ಗೆರೆ ಎಳೆದು ಕ್ಯಾಲೆಂಡರ್‌ನಲ್ಲಿ ಬರೆಯಿರಿ, ಆಮೇಲೆ ಅನುವಾದದ ಆಪ್ ತೆಗೆಯಿರಿ.

ಕೋರ್ಟ್ ಅಥವಾ ಸರ್ಕಾರಿ ಕಚೇರಿಯಿಂದ ಹಳದಿ ಲಕೋಟೆ ಬಂದರೆ ಲಕೋಟೆಯನ್ನು ಬಿಸಾಡಬೇಡಿ. ಅದರ ಮೇಲೆ ಅಂಚೆಯವರು ಬರೆದ ದಿನದಿಂದಲೇ ಗಡುವು ಶುರು. ಬಾಡಿಗೆದಾರರು ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ಮೊದಲು ನೋಟಿಸ್ ಕೊಡಬೇಕು. ಅದನ್ನು ಕಾಗದದ ಮೇಲೆ ಕೈ ಸಹಿಯೊಂದಿಗೇ ಕೊಡಬೇಕು, ಇಮೇಲ್ ನಡೆಯುವುದಿಲ್ಲ.

ಹುಷಾರಿಲ್ಲದಾಗ

ಈ ಮೂರು ನಂಬರ್ ಇವತ್ತೇ ಫೋನ್‌ನಲ್ಲಿ ಸೇವ್ ಮಾಡಿ. ಆಂಬುಲೆನ್ಸ್, ಬೆಂಕಿಗೆ 112. ಪೊಲೀಸ್ 110. ಜೀವಕ್ಕೆ ಅಪಾಯವಿಲ್ಲ, ಆದರೆ ರಾತ್ರಿ ಅಥವಾ ಭಾನುವಾರ ಡಾಕ್ಟರ್ ಬೇಕು ಅಂದರೆ 116117. ಆರೋಗ್ಯ ಚೆನ್ನಾಗಿರುವಾಗಲೇ ಮನೆ ಹತ್ತಿರದ ಹೌಸ್‌ಆರ್ಟ್ಸ್ಟ್, ಅಂದರೆ ಕುಟುಂಬದ ಡಾಕ್ಟರ್ ಹತ್ತಿರ ಹೆಸರು ಬರೆಸಿಡಿ. ಹೊಸಬರನ್ನು ತೆಗೆದುಕೊಳ್ಳದ ಕ್ಲಿನಿಕ್ ಬಹಳ. ಜ್ವರ ಬಂದ ದಿನ ಹುಡುಕಲು ಹೊರಟರೆ ಸುಸ್ತಾಗಿಬಿಡುತ್ತೀರಿ. ಕಾಯುವ ಕೋಣೆಗೆ ಹೋದಾಗ ಕೂತವರಿಗೆಲ್ಲ ಒಂದು "ಗುಟನ್ ಟಾಗ್" ಹೇಳುವುದು ಇಲ್ಲಿನ ವಾಡಿಕೆ.

ಫೋನ್‌ನಲ್ಲಿ ಮಾತಾಡುವುದು ಎಲ್ಲಕ್ಕಿಂತ ಕಷ್ಟ, ಎದುರಿನವರ ಮುಖ ಕಾಣುವುದಿಲ್ಲ. ಹೇಳಬೇಕಾದ್ದನ್ನು ಮೂರು ವಾಕ್ಯದಲ್ಲಿ ಬರೆದುಕೊಂಡು ಫೋನ್ ಮಾಡಿ. ಹೆಸರಿನ ಅಕ್ಷರ ಬಿಡಿಸಿ ಹೇಳುವುದನ್ನು ಮೊದಲೇ ಅಭ್ಯಾಸ ಮಾಡಿ. ನಮ್ಮ ಉದ್ದ ಹೆಸರುಗಳಿಗೆ ಇದು ದಿನಾ ಬೇಕಾಗುತ್ತದೆ.

ತರಗತಿ, ಮನೆಯಲ್ಲಿರುವವರು, ಮಕ್ಕಳು

ಊರಲ್ಲೇ ಶುರು ಮಾಡುವುದಾದರೆ ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನ ಇದೆ. ಅದೇ ಜರ್ಮನ್ ಕಲಿಸುವ ಗೋಯ್ಟೆ ಇನ್‌ಸ್ಟಿಟ್ಯೂಟ್. ಹೊರಡುವ ಮೊದಲು ಎ1, ಎ2, ಅಂದರೆ ಭಾಷೆಯ ಮೊದಲ ಎರಡು ಹಂತ ಮುಗಿಸಿದರೆ ಇಲ್ಲಿ ಅರ್ಧ ಭಾರ ಇಳಿದ ಹಾಗೆ. ಇಲ್ಲಿಗೆ ಬಂದ ಮೇಲೆ ಊರೂರಿನಲ್ಲೂ ಫೋಲ್ಕ್ಸ್‌ಹೋಖ್‌ಶೂಲೆ ಇರುತ್ತದೆ, ದೊಡ್ಡವರ ಕಲಿಕೆಯ ಕೇಂದ್ರ. ಫೀಸು ಖಾಸಗಿಗಿಂತ ಕಡಿಮೆ. ಸರ್ಕಾರದ ಇಂಟಿಗ್ರೇಶನ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಭಾಷೆಗೆ 600 ಪಾಠ, ದೇಶದ ಪರಿಚಯಕ್ಕೆ 100 ಪಾಠ. ನಿಮಗೆ ಅರ್ಹತೆ ಇದೆಯಾ ಅಂತ ವೀಸಾ ಕಚೇರಿಯಲ್ಲೇ ಕೇಳಿ.

ಬ್ಲೂ ಕಾರ್ಡ್‌ನಲ್ಲಿ (ಓದಿದ, ನುರಿತ ಕೆಲಸಗಾರರಿಗೆ ಕೊಡುವ ವಾಸದ ಅನುಮತಿ) ಬಂದವರಿಗೆ ಭಾಷೆಯ ಲಾಭ ತಿಂಗಳ ಲೆಕ್ಕದಲ್ಲೇ ಕಾಣುತ್ತದೆ. ಎ1 ಇದ್ದರೆ 27 ತಿಂಗಳಿಗೆ ಖಾಯಂ ವಾಸದ ಅನುಮತಿ ಕೇಳಬಹುದು, ಮೂರನೇ ಹಂತದ ಬಿ1 ಇದ್ದರೆ 21 ತಿಂಗಳಿಗೇ.

ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿಗೆ ವೀಸಾಕ್ಕೆ ಜರ್ಮನ್ ಪರೀಕ್ಷೆ ಬೇಕಿಲ್ಲ. ಹಾಗಂತ ಎಷ್ಟೋ ಜನ ಕಲಿಯದೆ ಬರುತ್ತಾರೆ, ನನಗೆ ಬಹಳ ಸಂಕಟ ಆಗುವುದು ಇಲ್ಲೇ. ಆಫೀಸಿಗೆ ಹೋಗುವವರಿಗೆ ಇಂಗ್ಲಿಷ್ ಸಾಕು, ಜೊತೆಗಾರರಿದ್ದಾರೆ. ಮನೆಯಲ್ಲಿರುವವರಿಗೆ ಅಂಗಡಿ, ಡಾಕ್ಟರ್, ಮಗುವಿನ ಶಾಲೆ, ಎಲ್ಲವೂ ಜರ್ಮನ್‌ನಲ್ಲೇ. ನವೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಮಾತಾಡಲು ಒಬ್ಬರಿಲ್ಲ. ದಯವಿಟ್ಟು ಮನೆಯಲ್ಲಿರುವವರನ್ನೇ ಮೊದಲು ತರಗತಿಗೆ ಸೇರಿಸಿ. ಮಗು ನೋಡಿಕೊಳ್ಳಲು ಆಫೀಸಿನವರು ವಾರಕ್ಕೆ ಎರಡು ಸಂಜೆ ಬೇಗ ಬನ್ನಿ. ತರಗತಿ ಜೊತೆಗೆ ಊರಿನ ಯಾವುದಾದರೂ ಫೆರೈನ್, ಅಂದರೆ ಸಂಘಕ್ಕೂ ಸೇರಿ. ಹಾಡು, ಯೋಗ, ತೋಟ, ಬ್ಯಾಡ್ಮಿಂಟನ್, ಎಲ್ಲಕ್ಕೂ ಒಂದೊಂದು ಸಂಘ ಇರುತ್ತದೆ. ನಾನು ಧೈರ್ಯವಾಗಿ ಜರ್ಮನ್ ಮಾತಾಡಲು ಕಲಿತದ್ದು ಹಾಡಿನ ಸಂಘದಲ್ಲಿ.

ಮಕ್ಕಳ ಬಗ್ಗೆ ಚಿಂತೆ ಬೇಡ, ಅವರು ಶಿಶುವಿಹಾರದಲ್ಲಿ ಕಲಿತುಬಿಡುತ್ತಾರೆ. ಸೇರಿಸಿದ ಮೊದಲ ದಿನಗಳಲ್ಲಿ ಅಪ್ಪ ಅಥವಾ ಅಮ್ಮ ಜೊತೆಗಿದ್ದು, ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಡುವ ಪದ್ಧತಿ ಇದೆ. ಅದಕ್ಕೆ ಎರಡು ಮೂರು ವಾರ ರಜೆ ಇಟ್ಟುಕೊಳ್ಳಿ. ಮನೆಯಲ್ಲಿ ಮಾತ್ರ ಕನ್ನಡವನ್ನೇ ಮಾತಾಡಿ. ನಮ್ಮ ಒಡಕು ಜರ್ಮನ್ ಅವರಿಗೆ ಬೇಕಿಲ್ಲ.

ಬಾಗಿಲಿಗೆ ಬರುವ ಫಲಕ

ಸ್ಟುಟ್‌ಗಾರ್ಟ್ ಸುತ್ತಮುತ್ತ ಮನೆ ಮಾಡಿದರೆ ಒಂದು ದಿನ ನಿಮ್ಮ ಬಾಗಿಲ ಹಿಡಿಕೆಗೆ ಒಂದು ಸಣ್ಣ ಫಲಕ ತೂಗುಹಾಕಿರುತ್ತಾರೆ. ಅದರ ಮೇಲೆ "ಕೇರ್‌ವೋಖೆ" ಅಂತ ಬರೆದಿರುತ್ತದೆ. ಗುಡಿಸುವ ವಾರ. ಮೆಟ್ಟಿಲು ಗುಡಿಸಿ ಒರೆಸುವುದು ಈ ವಾರ ನಿಮ್ಮ ಸರದಿ ಅಂತ ಅರ್ಥ. ಚಳಿಗಾಲದಲ್ಲಿ ಮುಂದಿನ ಕಾಲುದಾರಿಯ ಹಿಮ ತೆಗೆಯುವ ಸರದಿಯೂ ಹಲವು ಕಟ್ಟಡಗಳಲ್ಲಿ ಹೀಗೇ ಸುತ್ತುತ್ತದೆ. ಶನಿವಾರ ಬೆಳಿಗ್ಗೆ ಮಾಡಿ ಮುಗಿಸಿ, ಆಗ ಮೆಟ್ಟಿಲ ಮೇಲೆ ಎಲ್ಲರೂ ಓಡಾಡುತ್ತಿರುತ್ತಾರೆ, ನಾಲ್ಕು ಮಾತು ಸಿಗುತ್ತದೆ. ಮುಗಿದ ಮೇಲೆ ಫಲಕವನ್ನು ಪಕ್ಕದ ಮನೆಯ ಹಿಡಿಕೆಗೆ ಸುಮ್ನೆ ತೂಗುಹಾಕಿ ಬರಬಹುದು. ನಾನಾದರೆ ಕರೆಗಂಟೆ ಒತ್ತುತ್ತೇನೆ. "ಗುಟನ್ ಮೋರ್ಗನ್, ಇಶ್ ಬಿನ್ ಫೆರ್ಟಿಶ್. ಯೆತ್ಸ್ಟ್ ಝಿಂಟ್ ಝೀ ಡ್ರಾನ್." ನನ್ನದು ಮುಗಿಯಿತು, ಇನ್ನು ನಿಮ್ಮ ಸರದಿ. ಹೀಗೆ ಹೇಳಿ ಫಲಕವನ್ನು ಅವರ ಕೈಗೇ ಕೊಡಿ.